ವೇಷದ ಪೆಟ್ಟಿಗೆಯಲ್ಲಿ ಕಣ್ಣು



ರಂಗಪ್ರಸಾಧನದ ಬಗ್ಗೆ ಮಾತಾಡಬೇಕು ಎಂದು ಕಾರ್ಯದರ್ಶಿಗಳು ಫೋನು ಮಾಡಿದಾಗ ಅವರ ಮನಸ್ಸಿನಲ್ಲಿ ಇದ್ದದ್ದು ಯಕ್ಷಗಾನದ ಚಿಟ್ಟಿ, ಮುಖವರ್ಣಿಕೆ, ಕೇಸರಿ ತಟ್ಟಿ. ಅವುಗಳ ಬಗ್ಗೆ ನನಗಿಂತ ಚೆನ್ನಾಗಿ ಹೇಳಬಲ್ಲವರು ಈ ಸಭೆಯಲ್ಲೇ ನಾಲ್ಕು ಮಂದಿ ಇದ್ದಾರೆ. ನಾನು ಇವತ್ತು ಹೆಬ್ಬೆರಳ ಉಗುರಿನಷ್ಟು ಅಗಲದ ಒಂದು ವಸ್ತುವನ್ನು ಮಾತ್ರ ಹಿಡಿದುಕೊಂಡು ಬಂದಿದ್ದೇನೆ. ಬಣ್ಣದ ಕಾಂಟ್ಯಾಕ್ಟ್ ಲೆನ್ಸ್. ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಬಣ್ಣದ ಮನೆಯಲ್ಲಿ, ಅದು ಇರಲಿಲ್ಲ. ಈಗ ಮಹಿಷಾಸುರನಿಗೆ ಹಳದಿ ಕಣ್ಣು ಬೇಕು, ಸಂಘದ ನಾಟಕದ ದೆವ್ವಕ್ಕೆ ಬಿಳಿ ಕಣ್ಣು ಬೇಕು, ಮದುಮಗಳಿಗೆ ಬೂದು ಕಣ್ಣು ಬೇಕು, ಛದ್ಮವೇಷ ಸ್ಪರ್ಧೆಯ ಆರು ವರ್ಷದ ಕೃಷ್ಣನಿಗೆ ನೀಲಿ ಕಣ್ಣು ಸಿಗುತ್ತದೆಯೇ ಎಂದು ಕೇಳುವ ತಾಯಂದಿರೂ ಇದ್ದಾರೆ. ಆ ಕೊನೆಯ ಪ್ರಶ್ನೆಗೆ ಉತ್ತರವನ್ನು ಈಗಲೇ ಹೇಳಿಬಿಡುತ್ತೇನೆ, ಬೇಡ ತಾಯಿ. ಕೃಷ್ಣನಿಗೆ ನವಿಲುಗರಿ ಸಾಕು.

ನಾನು ಮಾತಾಡುವುದಕ್ಕೆ ಅಧಿಕಾರ ಏನು ಎಂದು ಕೇಳಬಹುದು. ಹಗಲು ಮುಂಬಯಿ ಪಕ್ಕದ ಡೊಂಬಿವಲಿ ಪೂರ್ವದಲ್ಲಿ ಕನ್ನಡಕದ ಅಂಗಡಿಯಲ್ಲಿ ಕೂತು ಕಣ್ಣು ಪರೀಕ್ಷೆ ಮಾಡುತ್ತೇನೆ. ಶನಿವಾರ ರಾತ್ರಿ ಚೌಕಿಯಲ್ಲಿ ಬಣ್ಣ ಬರೆಯುತ್ತೇನೆ. ಎರಡೂ ಕೆಲಸ ಬಲ್ಲವನೇ ತಪ್ಪು ಮಾಡಿದರೆ ಅದಕ್ಕೆ ಕ್ಷಮೆ ಕಡಿಮೆ. ನಾನು ಮಾಡಿದ್ದೇನೆ. ಅದನ್ನೇ ಮೊದಲು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಹವ್ಯಾಸಿ ಮಂಡಳಿಯವರು ಕೇಳಿದರೆಂದು ನಾಲ್ಕು ಜೊತೆ ಬಣ್ಣದ ಲೆನ್ಸ್ ತರಿಸಿ ಕೊಟ್ಟೆ. ಯಾರ ಕಣ್ಣಿಗೆ ಎಂದು ಕೇಳಲಿಲ್ಲ. ಅಳತೆ ನೋಡಲಿಲ್ಲ. ಕಿರೀಟ, ಭುಜಕೀರ್ತಿ, ಗೆಜ್ಜೆಗಳ ಜೊತೆ ವೇಷದ ಪೆಟ್ಟಿಗೆಯೊಳಗೆ ಅವೂ ಹೋದವು. ಒಂದು ಶನಿವಾರ ಕಲ್ಯಾಣದಲ್ಲಿ ಒಬ್ಬರು ಹಾಕಿಕೊಂಡ ಹಳದಿ ಜೊತೆಯನ್ನು ಮುಂದಿನ ತಿಂಗಳು ವಾಶಿಯಲ್ಲಿ 'ದೇವಿಮಹಾತ್ಮೆ' ಪ್ರಸಂಗಕ್ಕೆ ಇನ್ನೊಬ್ಬ ಹುಡುಗ ಹಾಕಿಕೊಂಡ. ನಡುವೆ ದ್ರಾವಣ ಮುಗಿದಿತ್ತಂತೆ. ಡಬ್ಬಿಗೆ ನಲ್ಲಿ ನೀರು ತುಂಬಿಸಿ ಇಟ್ಟಿದ್ದರು. ಆಟ ಮುಗಿದದ್ದು ಹನ್ನೊಂದೂವರೆಗೆ. ವಾಶಿಯಿಂದ ಠಾಣೆ, ಠಾಣೆಯಲ್ಲಿ ಇಳಿದು ಡೊಂಬಿವಲಿಗೆ ಇನ್ನೊಂದು ಗಾಡಿ. ಹುಡುಗ ಅವಸರದಲ್ಲಿ ಮುಖಕ್ಕೆ ತೆಂಗಿನೆಣ್ಣೆ ತಿಕ್ಕಿ ಬಣ್ಣ ಒರೆಸಿಕೊಂಡ. ಒಂದು ಕಣ್ಣಿನ ಲೆನ್ಸ್ ಬಂತು, ಇನ್ನೊಂದು ಅಂಟಿಕೊಂಡಿತ್ತು. ಮನೆಗೆ ಹೋಗಿ ತೆಗೆದರಾಯಿತು ಎಂದು ಗಾಡಿ ಹತ್ತಿದ, ಸೀಟು ಸಿಕ್ಕಿತು, ನಿದ್ದೆ ಹೋದ. ಮನೆ ಸೇರಿ ಮತ್ತೆ ಮಲಗಿದ.

ಬೆಳಿಗ್ಗೆ ಕಣ್ಣು ಕೆಂಡ. ಮೆಡಿಕಲ್ ಅಂಗಡಿಯಿಂದ ಯಾವುದೋ ಹನಿ ತಂದು ಹಾಕಿಕೊಂಡ, ಅದರಲ್ಲಿ ಸ್ಟೀರಾಯ್ಡ್ ಇತ್ತು. ಕೆಂಪು ಸ್ವಲ್ಪ ಇಳಿಯಿತು, ಒಳಗಿನ ಸೋಂಕು ಹಬ್ಬಿತು. ಮೂರನೆಯ ದಿನ ನನ್ನ ಅಂಗಡಿಗೆ ಬಂದಾಗ ಕರಿಗುಡ್ಡೆಯ ಮೇಲೆ ಅಕ್ಕಿನುಚ್ಚಿನಷ್ಟು ಬಿಳಿ ಚುಕ್ಕೆ ಕಾಣುತ್ತಿತ್ತು. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗಂಟೆಗೊಮ್ಮೆ ಹನಿ, ರಾತ್ರಿಯೂ ಬಿಡದೆ. ಅವನ ಅಮ್ಮ ಅಲಾರಾಂ ಇಟ್ಟುಕೊಂಡು ಕೂತಿದ್ದರು. ಕಣ್ಣು ಉಳಿಯಿತು. ಹುಣ್ಣು ಮಾಗಿದ ಜಾಗದಲ್ಲಿ ಹೂ ಉಳಿಯಿತು.

'ಕಣ್ಣಿಗೆ ಹೂ ಬಿದ್ದಿದೆ' ಎನ್ನುವ ಮಾತು ನಮ್ಮ ಊರುಗಳಲ್ಲಿ ಹಿರಿಯರಿಗೆ ಗೊತ್ತು. ಭತ್ತದ ಮೊನೆ ತಾಗಿಯೋ ಸಿಡುಬಿನಿಂದಲೋ ಕರಿಗುಡ್ಡೆಯ ಮೇಲೆ ಬಿಳಿ ಕಲೆ ಉಳಿದರೆ ಹಾಗೆ ಹೇಳುತ್ತಿದ್ದರು. ಇಷ್ಟು ಕೆಟ್ಟ ಸಂಗತಿಗೆ ಇಷ್ಟು ಒಳ್ಳೆಯ ಹೆಸರನ್ನು ಯಾರು ಇಟ್ಟರೋ. ನಮ್ಮ ನೆರೆಯ ಕೇರಳದ ಕಥಕಳಿಯಲ್ಲಿ ಕಣ್ಣಿಗೆ ನಿಜವಾಗಿಯೇ ಹೂ ಹಾಕಿಕೊಳ್ಳುತ್ತಾರೆ. ಚುಂಡಪ್ಪೂವು ಎನ್ನುತ್ತಾರೆ. ಬದನೆಯ ಜಾತಿಯ ಗಿಡವೊಂದರ ಹೂವಿನ ಬುಡದ ಕಾಳನ್ನು ತೆಗೆದು, ಒಣಗಿಸಿ, ಅಂಗೈಯಲ್ಲಿ ಹೊರಳಿಸಿ ನಯ ಮಾಡಿ, ಕೆಳರೆಪ್ಪೆಯ ಒಳಗೆ ಇಟ್ಟು ಕಣ್ಣು ಹೊರಳಿಸಿದರೆ ಬಿಳಿಭಾಗ ಕೆಂಪಾಗುತ್ತದೆ. ಆಟ ಮುಗಿಯುವ ತನಕ ಕೆಂಪು ಇರುತ್ತದೆ. ಆ ಕಾಳನ್ನು ಎಷ್ಟು ಉಜ್ಜಬೇಕು, ಯಾವಾಗ ಇಡಬೇಕು ಎನ್ನುವುದನ್ನು ಶಿಷ್ಯ ಗುರುವಿನಿಂದ ಕಲಿಯುತ್ತಾನೆ. ಅದು ಒಳ್ಳೆಯದೋ ಕೆಟ್ಟದ್ದೋ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಅದಕ್ಕೊಂದು ಕ್ರಮ ಇದೆ, ಕಲಿಸುವವರು ಇದ್ದಾರೆ, ಇಷ್ಟೇ ನನಗೆ ಮುಖ್ಯ.

ನಮ್ಮ ಚೌಕಿಯಲ್ಲೂ ಎಲ್ಲದಕ್ಕೂ ಕ್ರಮ ಇದೆ. ಗಣಪತಿಗೆ ದೀಪ ಇಡದೆ ಬಣ್ಣ ಮುಟ್ಟುವುದಿಲ್ಲ. ಹಿಂದಿನವರು ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ ಬಳಸುತ್ತಿದ್ದರು. ಒಂದರಲ್ಲಿ ಪಾಷಾಣ, ಇನ್ನೊಂದರಲ್ಲಿ ಪಾದರಸ. ಬಣ್ಣದ ವೇಷದ ಮುಖದ ಮೇಲೆ ಚುಕ್ಕಿಚುಕ್ಕಿಯಾಗಿ ಇಡುವ ಚಿಟ್ಟಿಗೆ ಅಕ್ಕಿಹಿಟ್ಟಿನ ಜೊತೆ ಸುಣ್ಣ. ಸುಣ್ಣ ಕಣ್ಣಿಗೆ ಬಿದ್ದರೆ ಆಮ್ಲಕ್ಕಿಂತ ಘೋರ, ಏಕೆಂದರೆ ಕ್ಷಾರವು ಪದರಗಳನ್ನು ಕರಗಿಸುತ್ತಾ ಒಳಗೆ ಇಳಿಯುತ್ತದೆ. ಚಿಟ್ಟಿ ಇಡುವುದು ಗಂಟೆಗಟ್ಟಲೆ ತಾಳ್ಮೆಯಿಂದ ಮಾಡುವ ಕೆಲಸ. ಅಪಾಯದ ವಸ್ತುವಿಗೆ ಅವರು ಅಪಾಯಕ್ಕೆ ತಕ್ಕ ಮರ್ಯಾದೆ ಕೊಟ್ಟರು. ಲೆನ್ಸ್ ಮಾತ್ರ ಗುರುವಿಲ್ಲದೆ ಬಂತು, ಕೊರಿಯರ್‌ನಲ್ಲಿ ಬಂತು.

ಅದು ಎಲ್ಲಿಂದ ಹೊರಟು ಬಂತು ಎನ್ನುವುದು ರಸವತ್ತಾದ ಕಥೆ. 1888ರಲ್ಲಿ ಜ್ಯೂರಿಕ್‌ನ ವೈದ್ಯ ಅಡಾಲ್ಫ್ ಫಿಕ್ ಗಾಜಿನ ಲೆನ್ಸ್ ಮಾಡಿ ಮೊದಲು ಮೊಲದ ಕಣ್ಣಿಗೆ, ಆಮೇಲೆ ತನ್ನ ಕಣ್ಣಿಗೆ ಇಟ್ಟುಕೊಂಡ. ಭಾರ, ನೋವು, ಹೆಚ್ಚು ಹೊತ್ತು ನಿಲ್ಲದು. ಮೆತ್ತನೆಯ ಲೆನ್ಸ್ ಮಾಡಿದವನು ಚೆಕ್ ದೇಶದ ರಸಾಯನಶಾಸ್ತ್ರಜ್ಞ ಓಟ್ಟೊ ವಿಖ್ಟರ್ಲೆ. 1961ರ ಕ್ರಿಸ್‌ಮಸ್ ಹೊತ್ತಿಗೆ ಮಕ್ಕಳ ಆಟದ ಮೆಕ್ಯಾನೊ ಥರದ ಸೆಟ್ಟಿನಿಂದ ಮನೆಯಲ್ಲೇ ಯಂತ್ರ ಜೋಡಿಸಿ ಲೆನ್ಸನ್ನು ಎರಕ ಹೊಯ್ದ. ಅವನು ಬಳಸಿದ ಪ್ಲಾಸ್ಟಿಕ್ಕಿನ ಮೂಲವಸ್ತುವಿನ ಸಂಕ್ಷಿಪ್ತ ಹೆಸರು 'ಹೆಮಾ', ನಮ್ಮ ಕಟ್ಟಡದಲ್ಲೇ ಆ ಹೆಸರಿನವರು ಇಬ್ಬರಿದ್ದಾರೆ. ಆ ಹೆಮಾಳ ಗುಣ ಏನೆಂದರೆ ನೀರು ಕುಡಿಯುವುದು. ಒಣಗಿದಾಗ ಹಪ್ಪಳದ ಚೂರಿನಂತೆ ಗಡುಸು, ನೆನೆದಾಗ ತನ್ನ ತೂಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನೀರೇ. ಕಣ್ಣಿಗೆ ಹಿತವಾಗುವುದು ಇದರಿಂದಲೇ, ಅಪಾಯವೂ ಇದರಿಂದಲೇ. ಕೊಟ್ಟ ನೀರನ್ನು ಅದು ಕುಡಿಯುತ್ತದೆ. ನಲ್ಲಿ ನೀರು ಕೊಟ್ಟರೆ ನಲ್ಲಿ ನೀರು.

ನಮ್ಮ ಕಡೆ ನೀರು ಬಾರ್ವಿ ಅಣೆಕಟ್ಟಿನದ್ದೋ, ಉಲ್ಹಾಸ್ ನದಿಯದ್ದೋ, ನವಿಮುಂಬಯಿಯವರಾದರೆ ಮೊರ್ಬೆಯದ್ದೋ. ಶುದ್ಧೀಕರಿಸಿಯೇ ಕಳಿಸುತ್ತಾರೆ, ಕುಡಿಯುವುದಕ್ಕೆ ಚಿಂತೆಯಿಲ್ಲ. ಆದರೆ ಕುಡಿಯುವ ನೀರು ಬೇರೆ, ಕಣ್ಣಿಗಿಡುವ ನೀರು ಬೇರೆ. ನಲ್ಲಿಯಲ್ಲಿ, ಸೊಸೈಟಿಯ ಟಾಂಕಿಯಲ್ಲಿ, ಈಜುಕೊಳದಲ್ಲಿ ಅಕಾಂತಮೀಬ ಎಂಬ ಸೂಕ್ಷ್ಮಜೀವಿ ಇರಬಹುದು. ಹೊಟ್ಟೆಗೆ ಹೋದರೆ ಅದು ಏನೂ ಮಾಡುವುದಿಲ್ಲ. ಲೆನ್ಸಿನ ಅಡಿ ಸೇರಿ, ಸಣ್ಣ ಗೀರಿನ ಮೂಲಕ ಕರಿಗುಡ್ಡೆಗೆ ಇಳಿದರೆ ತಿಂಗಳುಗಟ್ಟಲೆ ಚಿಕಿತ್ಸೆ ಬೇಡುತ್ತದೆ, ಏಕೆಂದರೆ ಔಷಧಿ ಬಿದ್ದಾಗ ಅದು ಚಿಪ್ಪು ಕಟ್ಟಿಕೊಂಡು ಕೂರುತ್ತದೆ. ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಸ್ವಭಾವ ತದ್ವಿರುದ್ಧ. ಅದಕ್ಕೆ ಸಾವಕಾಶ ಗೊತ್ತಿಲ್ಲ, ಒಂದೆರಡು ದಿನದಲ್ಲೇ ಕಣ್ಣು ಹಾಳುಮಾಡಬಲ್ಲದು. ಕುದಿಸಿ ಆರಿಸಿದ ನೀರು, ಮನೆಯಲ್ಲಿ ಮಾಡಿದ ಉಪ್ಪುನೀರು, ಫಿಲ್ಟರ್ ನೀರು, ಗುಲಾಬಿ ನೀರು ಯಾವುದೂ ಆಗದು. ಎಂಜಲು ಸವರಿ ಲೆನ್ಸ್ ಒದ್ದೆ ಮಾಡುವವರನ್ನು ಚೌಕಿಯಲ್ಲಿ ಕಣ್ಣಾರೆ ಕಂಡಿದ್ದೇನೆ. ಆ ಬಗ್ಗೆ ಸಭೆಯಲ್ಲಿ ಹೆಚ್ಚು ಹೇಳಬಾರದು.

ಕರಿಗುಡ್ಡೆ ಎಂದೆನಲ್ಲ, ಸರಿಯಾಗಿ ಹೇಳಬೇಕೆಂದರೆ ಅದರ ಮೇಲಿನ ಗಾಜಿನಂಥ ಪೊರೆ, ಕಾರ್ನಿಯಾ. ದಪ್ಪ ಅರ್ಧ ಮಿಲಿಮೀಟರ್. ಅದರಲ್ಲಿ ರಕ್ತನಾಳ ಇಲ್ಲ, ಇದ್ದಿದ್ದರೆ ಪಾರದರ್ಶಕ ಆಗಿರುತ್ತಿರಲಿಲ್ಲ. ಹಾಗಾದರೆ ಉಸಿರಾಡುವುದು ಹೇಗೆ? ಕಣ್ಣೀರಿನಲ್ಲಿ ಕರಗಿದ ಗಾಳಿಯಿಂದ. ಲೆನ್ಸ್ ಎಂದರೆ ಆ ಕಿಟಕಿಗೆ ಹಾಕಿದ ಪರದೆ. ಬಣ್ಣ ಸೇರಿದರೆ ಪರದೆ ಇನ್ನೂ ದಪ್ಪ. ಕಣ್ಣು ಮುಚ್ಚಿ ಮಲಗಿದಾಗ ಕಿಟಕಿಯೇ ಮುಚ್ಚಿದ ಹಾಗೆ. ಲೋಕಲ್ ಗಾಡಿಯಲ್ಲಿ ಹುಡುಗ ಮಲಗಿದ ಅರ್ಧ ಗಂಟೆ, ಮನೆಯಲ್ಲಿ ಮಲಗಿದ ಆರು ಗಂಟೆ ಅವನ ಕಣ್ಣು ಉಸಿರು ಕಟ್ಟಿಕೊಂಡಿತ್ತು.

ಈ ಪೊರೆಯ ಬೆಲೆಯನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. 2006ರಲ್ಲಿ ಡಾ. ರಾಜಕುಮಾರ್ ಹೋದಾಗ ಅವರ ಕಣ್ಣುಗಳು ದಾನವಾದವು. 2021ರ ಅಕ್ಟೋಬರ್ 29ರಂದು ಪುನೀತ್ ಹೋದರು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಅವರ ಎರಡು ಕಾರ್ನಿಯಾಗಳ ಮುಂಪದರ ಹಿಂಪದರಗಳನ್ನು ಬೇರೆಬೇರೆ ಮಾಡಿ ನಾಲ್ಕು ಮಂದಿಗೆ ಜೋಡಿಸಿದರು. ಅರ್ಧ ಮಿಲಿಮೀಟರನ್ನು ಎರಡು ಮಾಡಿ ಇಬ್ಬರಿಗೆ ಹಂಚಿದ್ದು. ಹೂ ಗಾಢವಾಗಿ ಬಿದ್ದವರಿಗೆ ಕೊನೆಗೆ ಉಳಿಯುವ ದಾರಿ ಹೆಚ್ಚಾಗಿ ಅದೊಂದೇ, ಇನ್ನೊಬ್ಬರು ಬಿಟ್ಟುಹೋದ ಪೊರೆ.

ಈಗ ಒಂದು ತಕರಾರು. ನಮಗೆ ವೇದಿಕೆಯ ಮೇಲೆ ಲೆನ್ಸ್ ಬೇಕೇ? ಠಾಣೆಯ ಗಡಕರಿ ರಂಗಾಯತನದಲ್ಲಿ, ಕಲ್ಯಾಣದ ಅತ್ರೆ ರಂಗಮಂದಿರದಲ್ಲಿ, ವಾಶಿಯ ವಿಷ್ಣುದಾಸ್ ಭಾವೆಯಲ್ಲಿ, ನಮ್ಮ ಡೊಂಬಿವಲಿಯ ಸಾವಿತ್ರಿಬಾಯಿ ಫುಲೆಯಲ್ಲಿ ಹತ್ತನೆಯ ಸಾಲಿನಲ್ಲಿ ಕೂತು ನೋಡಿ. ಒಂದು ಸೆಂಟಿಮೀಟರ್ ಚಿಲ್ಲರೆ ಅಗಲದ ಕರಿಗುಡ್ಡೆಯ ಬಣ್ಣ ಕಾಣುವುದಿಲ್ಲ. ಕಾಣುವುದು ಕಣ್ಣಿನ ಸುತ್ತ ಎಳೆದ ಕಪ್ಪು, ಅದರಾಚೆಯ ಬಿಳಿ, ಹುಬ್ಬಿನ ಕೊಂಕು. ದೀವಟಿಗೆಯ ಬೆಳಕಿನಲ್ಲಿ ದೂರದ ಕಣ್ಣಿಗೆ ಕಾಣಲೆಂದೇ ಹಿಂದಿನವರು ಕಣ್ಣನ್ನು ಗೆರೆಯಲ್ಲಿ ಬರೆದರು. ಲೆನ್ಸ್ ಕಾಣುವುದು ಮೊಬೈಲಿನಲ್ಲಿ, ಆಟ ಮುಗಿದ ಮೇಲೆ ತೆಗೆಸಿಕೊಳ್ಳುವ ಹತ್ತಿರದ ಪಟದಲ್ಲಿ. ಸಿನಿಮಾದವರಿಗೆ ಅದು ಬೇಕು, ಕ್ಯಾಮೆರಾ ಮೂಗಿನ ಬಳಿ ನಿಲ್ಲುತ್ತದೆ. 1983ರ 'ಥ್ರಿಲ್ಲರ್'ನಲ್ಲಿ ಮೈಕೇಲ್ ಜಾಕ್ಸನ್ನನ ಹಳದಿ ಬೆಕ್ಕಿನ ಕಣ್ಣು ಲೋಕವನ್ನೇ ಹೆದರಿಸಿತು. ಯಕ್ಷಗಾನಕ್ಕೆ ಮತ್ತು ನಾಟಕಕ್ಕೆ ಅದು ದಂಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಒಪ್ಪದವರು ಚಹಾದ ಹೊತ್ತಿಗೆ ಸಿಗಿ.

ಇನ್ನೊಂದು ಸಂಗತಿ ವೇಷಧಾರಿಗಳೇ ಬಲ್ಲರು. ಬಣ್ಣದ ಲೆನ್ಸಿನ ನಡುವೆ ನೋಡಲು ಒಂದು ತೂತು ಇರುತ್ತದೆ. ದೀಪ ಮಂದವಾದಾಗ ನಮ್ಮ ಪಾಪೆ ಹಿಗ್ಗುತ್ತದೆ, ಆ ತೂತು ಹಿಗ್ಗುವುದಿಲ್ಲ. ಸುತ್ತ ಮಂಜು ಕವಿದಂತಾಗುತ್ತದೆ. ದೆವ್ವದ ಪೂರ್ತಿ ಬಿಳಿ ಲೆನ್ಸಿನಲ್ಲಿ ಜಾಲರಿಯ ಮೂಲಕ ನೋಡಬೇಕು. ಕಣ್ಣಿನ ಬಿಳಿಭಾಗವನ್ನೂ ಮುಚ್ಚುವ ದೊಡ್ಡ ಲೆನ್ಸನ್ನಂತೂ ನುರಿತವರ ಕೈ ಇಲ್ಲದೆ ಮುಟ್ಟಬಾರದು. ರಂಗದ ಅಂಚು ಎಲ್ಲಿ ಮುಗಿಯುತ್ತದೆ ಎಂದು ಕಾಣದೆ ಧಿಗಿಣ ಹಾಕುವುದು ಹೇಗೆ? ಮೈದಾನದ ಆಟದಲ್ಲಿ ಮಹಿಷ ಜನರ ನಡುವಿನಿಂದ ಬರುವಾಗ ದೊಂದಿಗೆ ರಾಳದ ಪುಡಿ ಎರಚುತ್ತಾರೆ. ಬೆಂಕಿಯ ಕಾವಿಗೆ ಲೆನ್ಸ್ ಕರಗಿ ಕಣ್ಣಿಗೆ ಅಂಟುತ್ತದೆ ಎಂದು ಹೆದರಿಸುವುದು ಸುಳ್ಳು. ಆದರೆ ಹೊಗೆ, ಪುಡಿ ಲೆನ್ಸಿನ ಅಡಿ ಸೇರಿದರೆ ಪ್ರತಿ ರೆಪ್ಪೆ ಬಡಿತಕ್ಕೂ ಮರಳು ಕಾಗದ ಉಜ್ಜಿದ ಹಾಗೆ. ಡೊಂಬಿವಲಿಯ ಫಡಕೆ ರಸ್ತೆಯ ಯುಗಾದಿ ಶೋಭಾಯಾತ್ರೆಯಲ್ಲಿ ಬಿಸಿಲು, ಧೂಳು, ಗುಲಾಲು ಮೂರೂ ಇರುತ್ತವೆ. ಅಲ್ಲಿಗೂ ಬೇಡ.

ಇಷ್ಟು ಹೇಳಿದರೂ ಹಾಕಿಕೊಳ್ಳುವವರು ಹಾಕಿಕೊಳ್ಳುತ್ತಾರೆ, ಮದುವೆಗಾದರೂ. ಹಾಗಾದರೆ ಕ್ರಮವಾಗಿ ಹಾಕಿಕೊಳ್ಳಿ. ನಂಬರ್ ಇಲ್ಲದ ಲೆನ್ಸ್, 'ಬರೀ ಶೋಕಿಗೆ', ಅದಕ್ಕೇಕೆ ಪರೀಕ್ಷೆ ಎಂದು ಕೇಳುತ್ತಾರೆ. ಕಾರ್ನಿಯಾಕ್ಕೆ ಶೋಕಿ ಗೊತ್ತಿಲ್ಲ. ಪ್ರತಿ ಕಣ್ಣಿನ ಬಾಗು ಬೇರೆ. ಬಿಗಿಯಾದ ಲೆನ್ಸ್ ಅಡಿಯಲ್ಲಿ ಕಣ್ಣೀರು ಹರಿಯಲು ಬಿಡುವುದಿಲ್ಲ, ಸಡಿಲವಾದದ್ದು ಜಾರಿ ಉಜ್ಜುತ್ತದೆ. ಅಳೆಯುವ ಯಂತ್ರ ಇದೆ. ಹಾಕಿ ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಬೇಕು. ಅಮೆರಿಕದಲ್ಲಿ 2005ರಿಂದ ಶೋಕಿಯ ಲೆನ್ಸ್ ಕೂಡ ವೈದ್ಯಕೀಯ ಸಾಧನವೇ, ಚೀಟಿ ಇಲ್ಲದೆ ಮಾರುವಂತಿಲ್ಲ. ನಮ್ಮಲ್ಲೂ 2017ರ ವೈದ್ಯಕೀಯ ಸಾಧನ ನಿಯಮಗಳಿವೆ, 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಔಷಧಿಯ ಕಾನೂನಿನ ಕೆಳಗೆ ಬಂದಿವೆ. ಬಳೆ ಬಿಂದಿಯ ಪಕ್ಕ ಲೆನ್ಸ್ ಇಟ್ಟು ಮಾರುವ ಜಾಗದಲ್ಲಿ ಕೊಳ್ಳಬೇಡಿ. ಪೊಟ್ಟಣದ ಮೇಲೆ ತಯಾರಕರ ಹೆಸರು, ಬಾಗು, ಅಗಲ, ಗಡುವು ಇರಬೇಕು.

'ಒಂದು ವರ್ಷದ ಲೆನ್ಸ್, ಎರಡೇ ಸಲ ಹಾಕಿದ್ದು' ಎಂದು ಮೂರನೆಯ ವರ್ಷ ತರುವವರಿದ್ದಾರೆ. ವರ್ಷ ಎಣಿಸುವುದು ಮುಚ್ಚಳ ತೆರೆದ ದಿನದಿಂದ. ಉಪ್ಪಿನಕಾಯಿ ಜಾಡಿಯ ಲೆಕ್ಕ ಇಲ್ಲಿ ನಡೆಯದು. ವರ್ಷಕ್ಕೆ ಎರಡು ಸಲ ವೇಷ ಕಟ್ಟುವವರಿಗೆ ದಿನದ ಲೆನ್ಸೇ ಲೇಸು, ರಾತ್ರಿ ತೆಗೆದು ಕಸದ ಬುಟ್ಟಿಗೆ ಹಾಕಿದರೆ ಮುಗಿಯಿತು. ಇಟ್ಟುಕೊಳ್ಳುವವರು ಪ್ರತಿ ಸಲ ಅಂಗೈಯಲ್ಲಿ ದ್ರಾವಣ ಹಾಕಿ ಬೆರಳಿನಿಂದ ಮೆಲ್ಲಗೆ ಉಜ್ಜಿ ತೊಳೆಯಬೇಕು. ಡಬ್ಬಿಯಲ್ಲಿ ಉಳಿದ ಹಳೆ ದ್ರಾವಣಕ್ಕೆ ಹೊಸದನ್ನು ಸೇರಿಸಬಾರದು, ಹೆಪ್ಪಿಗೆ ಹಾಲು ಎರೆದ ಹಾಗೆ ಹಳೆಯದರಲ್ಲಿದ್ದ ಕ್ರಿಮಿ ಹೊಸದರಲ್ಲಿ ಬೆಳೆಯುತ್ತದೆ. ಡಬ್ಬಿಯನ್ನು ದ್ರಾವಣದಿಂದಲೇ ತೊಳೆದು ಬೋರಲು ಹಾಕಿ ಒಣಗಿಸಿ, ಮೂರು ತಿಂಗಳಿಗೊಮ್ಮೆ ಬದಲಿಸಿ.

ಹಾಕುವಾಗ ಕೈಯನ್ನು ಸೋಪಿನಿಂದ ತೊಳೆದು ಪೂರ್ತಿ ಒಣಗಿಸಿ, ಮೊದಲು ಲೆನ್ಸ್, ಆಮೇಲೆ ಬಣ್ಣ. ಬಿಚ್ಚುವಾಗಲೂ ಮೊದಲು ಲೆನ್ಸ್, ಆಮೇಲೆ ಎಣ್ಣೆ. ಈ ಎರಡನೆಯದನ್ನೇ ಎಲ್ಲರೂ ಮರೆಯುತ್ತಾರೆ. ಹಾಕುವ ಹೊತ್ತಿಗೆ ಚೌಕಿಯಲ್ಲಿ ಕನ್ನಡಿ, ಬೆಳಕು, ಸಹಾಯಕ್ಕೆ ನಾಲ್ಕು ಜನ, ಕೈಯಲ್ಲಿ ಎರಡು ಗಂಟೆ ಇರುತ್ತವೆ. ಬಿಚ್ಚುವ ಹೊತ್ತಿಗೆ ಸಭಾಂಗಣದವರು ದೀಪ ಆರಿಸುತ್ತಿರುತ್ತಾರೆ, ಟೆಂಪೊದವನು ಕೂಗುತ್ತಿರುತ್ತಾನೆ, ಕೊನೆಯ ಗಾಡಿಗೆ ಇಪ್ಪತ್ತು ನಿಮಿಷ ಇರುತ್ತದೆ. ನಮ್ಮ ಕಡೆಯ ಕಲಾವಿದರ ಕಣ್ಣಿಗೆ ಅಪಾಯ ರಂಗದ ಮೇಲಲ್ಲ, ಮನೆಗೆ ಮರಳುವ ಕಸಾರಾ ಲೋಕಲ್ಲಿನಲ್ಲಿ. ಅಂಟಿಕೊಂಡ ಲೆನ್ಸನ್ನು ಚಿವುಟಬೇಡಿ. ಲೆನ್ಸಿಗೆಂದೇ ಇರುವ ಹನಿ ಹಾಕಿ, ಕಣ್ಣು ಮಿಟುಕಿಸುತ್ತಾ ಕೆಲವು ನಿಮಿಷ ಕಾಯಿರಿ, ಅದು ಅಲ್ಲಾಡತೊಡಗಿದಾಗ ಮೇಲಕ್ಕೆ ನೋಡುತ್ತಾ ಬಿಳಿಭಾಗಕ್ಕೆ ಜಾರಿಸಿ ತೆಗೆಯಿರಿ. ಕಣ್ಣಿನ ಹಿಂದೆ ಹೋಗಿ ಕಳೆದುಹೋಗುತ್ತದೆ ಎಂಬ ಭಯ ಬೇಡ, ಹಿಂದಕ್ಕೆ ದಾರಿಯೇ ಇಲ್ಲ.

ನೋವನ್ನು ನುಂಗಿಕೊಂಡು ವೇಷ ಮುಗಿಸುವುದು ನಮ್ಮವರಿಗೆ ಅಭಿಮಾನದ ವಿಷಯ. 2024ರ ಜುಲೈನಲ್ಲಿ ಕಿರುತೆರೆಯ ನಟಿ ಜಾಸ್ಮಿನ್ ಭಸಿನ್ ದೆಹಲಿಯ ಕಾರ್ಯಕ್ರಮವೊಂದಕ್ಕೆ ಲೆನ್ಸ್ ಹಾಕಿಕೊಂಡಾಗ ಕಣ್ಣು ಉರಿಯತೊಡಗಿತು. ಒಪ್ಪಿಕೊಂಡ ಕೆಲಸವೆಂದು ಕಪ್ಪು ಕನ್ನಡಕ ಹಾಕಿ ಕಾರ್ಯಕ್ರಮ ಮುಗಿಸಿಯೇ ವೈದ್ಯರ ಬಳಿ ಹೋದರು. ಅಷ್ಟರಲ್ಲಿ ಕಾರ್ನಿಯಾಕ್ಕೆ ಗಾಯವಾಗಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಬೇಕಾಯಿತು. ಅವರೇ ಪತ್ರಿಕೆಗಳಿಗೆ ಹೇಳಿದ್ದು ಇದು. ಕೆಂಪು, ನೋವು, ಬೆಳಕು ನೋಡಲಾಗದಿರುವುದು, ಮಂಜು, ಇವುಗಳಲ್ಲಿ ಒಂದು ಕಂಡರೂ ಭಾಗವತರ ಪದ ಅರ್ಧಕ್ಕೇ ನಿಂತರೂ ಪರವಾಗಿಲ್ಲ, ಲೆನ್ಸ್ ತೆಗೆಯಿರಿ. ತೆಗೆದ ಮೇಲೂ ಕಡಿಮೆಯಾಗದಿದ್ದರೆ ಅವತ್ತೇ ನೇತ್ರವೈದ್ಯರ ಬಳಿ ಹೋಗಿ. ಲೆನ್ಸನ್ನೂ ಡಬ್ಬಿಯನ್ನೂ ಎಸೆಯದೆ ಒಯ್ಯಿರಿ, ಯಾವ ಕ್ರಿಮಿ ಎಂದು ಅದರಿಂದಲೂ ಪತ್ತೆಯಾಗಬಹುದು. ಮನೆಯಲ್ಲಿರುವ ಹಳೆ ಹನಿ, ಹರಳೆಣ್ಣೆ, ಎದೆಹಾಲು ಏನನ್ನೂ ಹಾಕಬೇಡಿ.

ಆ ಹುಡುಗ ಈಗ ವೇಷ ಕಟ್ಟುವುದಿಲ್ಲ. ದೀಪದ ಸುತ್ತ ಬಳೆ ಕಾಣುತ್ತದೆ ಎನ್ನುತ್ತಾನೆ. ಅದೇ ಮಂಡಳಿಯಲ್ಲಿ ಚಕ್ರತಾಳ ಹಿಡಿಯುತ್ತಾನೆ, ಲಯ ಗಟ್ಟಿಯಾಗಿದೆ. ನನ್ನನ್ನು ಒಂದು ದಿನವೂ ದೂರಲಿಲ್ಲ. ಅದು ನನಗೆ ಇನ್ನೂ ಕಷ್ಟ.

ಇಲ್ಲಿ ಬೇರೆಬೇರೆ ಸಂಘಗಳ, ಮಂಡಳಿಗಳ ಕಾರ್ಯದರ್ಶಿಗಳು ಕೂತಿದ್ದೀರಿ. ಇವತ್ತು ಮನೆಗೆ ಹೋದ ಮೇಲೆ ವೇಷದ ಪೆಟ್ಟಿಗೆ ತೆರೆಯಿರಿ. ಅದರಲ್ಲಿ ಲೆನ್ಸ್ ಇದ್ದರೆ ಎಸೆಯಿರಿ, ಕಿರೀಟ ಮಂಡಳಿಯದ್ದು, ಕಣ್ಣು ಮಂಡಳಿಯದ್ದಲ್ಲ. ಅದರ ಜಾಗದಲ್ಲಿ ಒಂದು ಸೋಪು, ಒಂದು ಕನ್ನಡಿ, ಒಂದು ಟಾರ್ಚು, ಲೆನ್ಸಿನ ಹನಿಯ ಒಂದು ಬಾಟಲಿ ಇಡಿ. ಆಟ ಮುಗಿದ ಮೇಲೆ ಗೆಜ್ಜೆ ಎಣಿಸುವವನೇ ಲೆನ್ಸ್ ಹಾಕಿದವರ ಕಣ್ಣನ್ನೂ ನೋಡಿ, ಎರಡೂ ಹೊರಗೆ ಬಂದಿವೆ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಗಾಡಿಗೆ ಬಿಡಲಿ. ಲೆನ್ಸ್ ಹಾಕಲೇಬೇಕೆನ್ನುವವರು ಮೊದಲು ನನ್ನ ಅಂಗಡಿಗೆ ಬನ್ನಿ, ಕಣ್ಣು ನೋಡುತ್ತೇನೆ, ವೇಷಧಾರಿಗಳಿಂದ ಪರೀಕ್ಷೆಗೆ ಹಣ ತೆಗೆದುಕೊಳ್ಳುವುದಿಲ್ಲ. ಸೋಮವಾರ ರಜೆ.